‘ಕಾಪರ್’ ನೋಡಿದವರು ಇದ್ದೀರಾ? ಅದೇ ಕೇರಿಯವನು ಪೊಲೀಸ್ ಆದರೆ ಏನಾಗುತ್ತೆ ಅನ್ನೋ ಕಥೆ

ಎರಡನೇ ಪಾಳಿ:

ರಾತ್ರಿ ಕೆಲಸ ಮುಗಿಸಿ ಬಂದು, ಊಟದ ತಟ್ಟೆ ಮುಂದಿಟ್ಟುಕೊಂಡು, ದಿನಕ್ಕೊಂದು ಎಪಿಸೋಡಿನಂತೆ ‘ಕಾಪರ್’ ನೋಡಿದೆ. ಮೊದಲ ಸೀಸನ್ 10, ಎರಡನೆಯದು 13, ಒಟ್ಟು 23. ಮುಗಿದು ಮೂರು ದಿನ ಆಯಿತು, ತಲೆಯಿಂದ ಇಳಿದಿಲ್ಲ. ಮನೆಯಲ್ಲಿ ಬೇರೆ ಯಾರೂ ನೋಡಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಥೆಯ ಗುಟ್ಟು ಕೆಲವು ರಟ್ಟಾಗಬಹುದು, ನೋಡಬೇಕು ಅಂತಿರುವವರು ಗಮನಿಸಿ.

ನೋಡದವರಿಗೆ ಒಂದಿಷ್ಟು. ಬಿಬಿಸಿ ಅಮೆರಿಕ ಚಾನೆಲ್ ತಾನೇ ಮಾಡಿಸಿದ ಮೊದಲ ಧಾರಾವಾಹಿ ಇದು. ಟಾಮ್ ಫಾಂಟಾನಾ ಮತ್ತು ವಿಲ್ ರೋಕೋಸ್ ಇದನ್ನು ಕಟ್ಟಿದವರು. 2012ರ ಆಗಸ್ಟಿನಲ್ಲಿ ಶುರುವಾಗಿ 2013ರ ಸೆಪ್ಟೆಂಬರಿಗೆ ನಿಂತುಹೋಯಿತು. ಕಥೆ 1864ರ ನ್ಯೂಯಾರ್ಕಿನದು. ಅಮೆರಿಕದ ಅಂತರ್ಯುದ್ಧ ಇನ್ನೂ ಮುಗಿದಿಲ್ಲ. ಜಾಗದ ಹೆಸರು ಫೈವ್ ಪಾಯಿಂಟ್ಸ್. ಬರಗಾಲಕ್ಕೆ ಹೆದರಿ ಐರ್ಲೆಂಡಿನಿಂದ ಬಂದವರು, ಜರ್ಮನ್ನರು, ಕಪ್ಪು ಜನ, ಎಲ್ಲರೂ ಒತ್ತೊತ್ತಾಗಿ ಬದುಕುತ್ತಿದ್ದ ಬಡವರ ಕೇರಿ. ಅಲ್ಲಿನ ಪತ್ತೇದಾರ ಕೆವಿನ್ ಕಾರ್ಕೊರನ್. ಅವನೂ ಐರಿಶ್ ವಲಸಿಗನೇ. ಯುದ್ಧದಿಂದ ಮನೆಗೆ ಬಂದು ನೋಡಿದರೆ ಪುಟ್ಟ ಮಗಳು ಸತ್ತುಹೋಗಿದ್ದಾಳೆ, ಹೆಂಡತಿ ಕಾಣೆಯಾಗಿದ್ದಾಳೆ. ಟಾಮ್ ವೆಸ್ಟನ್-ಜೋನ್ಸ್ ಈ ಪಾತ್ರ ಮಾಡಿದ್ದಾರೆ. ಜಾಸ್ತಿ ಮಾತಿಲ್ಲ. ದವಡೆ ಬಿಗಿ ಹಿಡಿದುಕೊಂಡೇ ಅರ್ಧ ಸೀಸನ್ ಕಳೆಯುತ್ತಾರೆ, ಅದೇ ಸಾಕು ಅನಿಸಿತು.

ನನಗೆ ಹಿಡಿಸಿದ್ದು ಕೊಲೆಗಾರನ ಪತ್ತೆ ಅಲ್ಲ. ಈ ಮನುಷ್ಯ ಹಿಡಿಯಬೇಕಾದವರು ಅವನ ಕೇರಿಯವರೇ. ಅವರ ಮಾತು, ಸುಳ್ಳು, ಹಸಿವು, ಎಲ್ಲವೂ ಅವನಿಗೆ ಗೊತ್ತು. ಅವನು ತಪ್ಪು ಮಾಡಿದರೂ ಅವರಿಗೆ ಗೊತ್ತಾಗುತ್ತದೆ. ಮೊದಲ ಕಥೆಯಲ್ಲೇ ಒಂದು ಚಿಕ್ಕ ಹುಡುಗಿಯ ಕೊಲೆ. ಜಾಡು ಹಿಡಿದು ಹೊರಟರೆ ಅದು ಊರ ಮೇಲ್ಭಾಗದ ಸಿರಿವಂತರ ಮನೆ ಹತ್ತಿರ ಹೋಗಿ ನಿಲ್ಲುತ್ತದೆ. ಕೇರಿಯಲ್ಲಿ ಯಾರ ಮನೆ ಕದವನ್ನಾದರೂ ಒದ್ದು ಒಳಗೆ ನುಗ್ಗುವವನು ಆ ಮನೆಯ ಮುಂದೆ ಮಾತ್ರ ಕಾಯಬೇಕು. ನ್ಯಾಯ ಅನ್ನೋದು ಮೇಲಿನಿಂದ ಕೆಳಕ್ಕೆ ಸಲೀಸಾಗಿ ಇಳಿಯುತ್ತದೆ, ಕೆಳಗಿನಿಂದ ಮೇಲಕ್ಕೆ ಹತ್ತುವುದಿಲ್ಲ. ಇಡೀ ಮೊದಲ ಸೀಸನ್ ಇದನ್ನೇ ಹೇಳುತ್ತದೆ ಅಂತ ನನಗನಿಸಿತು.

ಎರಡನೇ ಸೀಸನ್ ಬಗ್ಗೆ ನನಗೆ ಬೇಜಾರಿದೆ. ಟಮ್ಮನಿ ಅನ್ನೋ ನ್ಯೂಯಾರ್ಕಿನ ರಾಜಕೀಯ ಕೂಟದವನು ಜನರಲ್ ಡೊನೊವನ್ ಬರುತ್ತಾನೆ. ಡೊನಲ್ ಲೋಗ್ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಅಲ್ಲಿಂದ ಕಥೆ ದೊಡ್ಡವರ ಹಿಂದೆ ಹೋಯಿತು. ಲಿಂಕನ್ ಕೊಲೆಯವರೆಗೂ ಹೋಯಿತು. ಕೇರಿ ಕೈಬಿಟ್ಟುಹೋಯಿತು. ನಿಮಗೆ ಹಾಗನಿಸಲಿಲ್ಲವಾ?

ಬೆಳ್ಳಿ ಚುಕ್ಕಿ:

ನಾನು ಮೊದಲ ಎಪಿಸೋಡ್ ಪೂರ್ತಿ ನೋಡಲೇ ಇಲ್ಲ. ಆನಿ ಅನ್ನೋ ಮಗು ತನ್ನನ್ನೇ ಮಾರಿಕೊಳ್ಳಲು ಬರುವ ದೃಶ್ಯ ಬರುತ್ತಲ್ಲ, ಅಲ್ಲೇ ನಿಲ್ಲಿಸಿದೆ. ನನಗೆ ಅದೇ ವಯಸ್ಸಿನ ಮಗಳಿದ್ದಾಳೆ. ಆ ಕಾಲದಲ್ಲಿ ಹಾಗೆ ನಡೆಯುತ್ತಿತ್ತು ಅಂತ ಒಪ್ಪುತ್ತೇನೆ. ಆದರೂ ತೋರಿಸಲೇಬೇಕಿತ್ತಾ? ಕಟು ಸತ್ಯ ಅಂತ ಹೆಸರಿಟ್ಟು ಏನು ಬೇಕಾದರೂ ತೋರಿಸಬಹುದು ಅನ್ನೋದು ನನಗೆ ಸರಿ ಕಾಣಲಿಲ್ಲ.

ಎರಡನೇ ಪಾಳಿ:

ಅಕ್ಕಾ, ನಿಮ್ಮ ಮಾತು ಒಪ್ಪುತ್ತೇನೆ. ನನಗೂ ಅಲ್ಲಿ ಕಸಿವಿಸಿಯಾಯಿತು. ಒಂದೇ ಹೇಳುತ್ತೇನೆ. ಆ ಮಗುವನ್ನು ಕಥೆ ಅಲ್ಲಿಗೇ ಬಿಡುವುದಿಲ್ಲ. ಕೊಲೆಯಾದವಳು ಅವಳ ಅವಳಿ. ಉಳಿದವಳನ್ನು ಯಾರು ಸಾಕಬೇಕು, ಅವಳನ್ನು ಯಾರೂ ನಂಬುವುದಿಲ್ಲವಲ್ಲ ಏಕೆ, ಅವಳು ಯಾರನ್ನೂ ನಂಬುವುದಿಲ್ಲವಲ್ಲ ಏಕೆ, ಇದನ್ನೆಲ್ಲ ಕೊನೆಯವರೆಗೆ ಎಳೆದುಕೊಂಡು ಹೋಗುತ್ತಾರೆ. ಕಿಯಾರಾ ಗ್ಲಾಸ್ಕೊ ಅನ್ನೋ ಹುಡುಗಿ ಮಾಡಿದ್ದು. ಆದರೆ ನೋಡಲೇಬೇಕು ಅಂತ ನಾನು ಹೇಳಲ್ಲ. ಮನಸ್ಸು ಒಪ್ಪದಿದ್ದರೆ ಬಿಡುವುದೇ ಸರಿ.

ಹಳೇ ಕಡತ:

ಇತಿಹಾಸ ಓದುವ ಹುಚ್ಚು ನನಗೆ. ಈ ಕೇರಿಯ ಬಗ್ಗೆ ಹೇಳದೆ ಇರಲು ಆಗುತ್ತಿಲ್ಲ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನೆಲದ ವಿಷಯ. ಅಲ್ಲಿ ಕಲೆಕ್ಟ್ ಪಾಂಡ್ ಅಂತ ಒಂದು ಕೆರೆ ಇತ್ತು. ಊರಿಗೆಲ್ಲ ಕುಡಿಯುವ ನೀರು ಕೊಟ್ಟ ಕೆರೆ. ದಡದಲ್ಲಿ ಚರ್ಮ ಹದ ಮಾಡುವವರು, ಕಸಾಯಿಖಾನೆಯವರು ಸೇರಿಕೊಂಡು ನೀರು ಕೆಟ್ಟಿತು. 1811ರ ಹೊತ್ತಿಗೆ ಮಣ್ಣು, ಕಸ ತುಂಬಿ ಕೆರೆ ಮುಚ್ಚಿದರು. ಕೆರೆ ಮುಚ್ಚಿ ಮನೆ ಕಟ್ಟಿದರೆ ಏನಾಗುತ್ತೆ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೆಲ ಕುಸಿಯತೊಡಗಿತು. ನೆಲಮಾಳಿಗೆಯಲ್ಲಿ ನೀರು ಒಸರಿತು. ಕೈಲಾದವರು ಜಾಗ ಖಾಲಿ ಮಾಡಿದರು. ಬೇರೆಲ್ಲೂ ಬಾಡಿಗೆ ಕೊಡಲಾಗದವರು ಬಂದು ಸೇರಿದರು. ಅದೇ ಮುಚ್ಚಿದ ಕೆರೆಯ ಮೇಲೆ 1838ರಲ್ಲಿ ಜೈಲು ಕಟ್ಟಿದರು. ಜನ ಅದಕ್ಕೆ ಟೂಂಬ್ಸ್, ಅಂದರೆ ಗೋರಿಗಳು ಅಂತ ಕರೆದರು. ಅದೂ ಕಟ್ಟಿದ ಕೆಲವೇ ತಿಂಗಳಲ್ಲಿ ಕುಸಿಯಲು ಶುರುವಾಯಿತು.

ಇನ್ನು ಪೊಲೀಸ್. ಇಲ್ಲಿ ‘ಎರಡನೇ ಪಾಳಿ’ಯವರು ಹೇಳಿದ್ದಕ್ಕೆ ಒಂದು ಗಟ್ಟಿ ಆಧಾರ ಇದೆ. ನ್ಯೂಯಾರ್ಕಿನಲ್ಲಿ ಸಂಬಳದ ಪೊಲೀಸ್ ಪಡೆ ಶುರುವಾಗಿದ್ದು 1845ರಲ್ಲಿ. ಆಗ ಪೊಲೀಸ್ ಕೆಲಸ ಬೇಕಾದರೆ ವಾರ್ಡಿನ ಆಲ್ಡರ್ಮನ್ ಹೆಸರು ಸೂಚಿಸಬೇಕಿತ್ತು. ನಮ್ಮ ಕಾರ್ಪೊರೇಟರ್ ಇದ್ದ ಹಾಗೆ ಅಂದುಕೊಳ್ಳಿ. ಕೆಲಸಗಾರ ಅದೇ ವಾರ್ಡಿನವನಾಗಿರಬೇಕು. ಮೊದಮೊದಲು ಕೆಲಸ ಒಂದೇ ವರ್ಷದ್ದು. ಚುನಾವಣೆಯಲ್ಲಿ ತಮ್ಮವನು ಸೋತರೆ ಎದೆಯ ಮೇಲಿನ ತಾಮ್ರದ ನಕ್ಷತ್ರದ ಪೊಲೀಸ್ ಬಿಲ್ಲೆಯೂ ಹೋಯಿತು. ಸಮವಸ್ತ್ರ ಕೂಡ ಇರಲಿಲ್ಲ. ಸಮವಸ್ತ್ರ ಹಾಕುವುದು ಸಾಹುಕಾರರ ಮನೆ ಆಳುಗಳು, ಸ್ವತಂತ್ರ ದೇಶದ ಪ್ರಜೆಗಳು ಹಾಕಲ್ಲ ಅಂತ ಪೊಲೀಸರೇ ಹಟ ಹಿಡಿದಿದ್ದರು. 1853ರಲ್ಲಿ ಕಡ್ಡಾಯ ಆಯಿತು.

1857ರಲ್ಲಿ ದೊಡ್ಡ ರಗಳೆ. ರಾಜ್ಯ ಸರ್ಕಾರ ನಗರದ ಪೊಲೀಸ್ ಪಡೆಯನ್ನು ಕಿತ್ತುಕೊಂಡು ಮೆಟ್ರೋಪಾಲಿಟನ್ ಅಂತ ಹೊಸ ಪಡೆ ಮಾಡಿತು. ಮೇಯರ್ ಫರ್ನಾಂಡೊ ವುಡ್ ಹಳೆಯದನ್ನು ಬಿಟ್ಟುಕೊಡಲಿಲ್ಲ. ಒಂದೇ ಊರಿನಲ್ಲಿ ಎರಡು ಪೊಲೀಸ್! ಜೂನ್ 16ರಂದು ಸಿಟಿ ಹಾಲ್ ಮೆಟ್ಟಿಲ ಮೇಲೆ ಎರಡೂ ಪಡೆಯವರು ಲಾಠಿ ಹಿಡಿದು ಹೊಡೆದಾಡಿದರು. ಕೋರ್ಟು ಹೊಸ ಪಡೆಯ ಪರ ತೀರ್ಪು ಕೊಟ್ಟಿತು. ಅದಾದ ಮೇಲೆ ಜುಲೈ 4ರಂದು ಫೈವ್ ಪಾಯಿಂಟ್ಸಿನಲ್ಲಿ ಗಲಭೆ. ಕೇರಿಯವರ ಕಣ್ಣಿಗೆ ಹೊಸ ಪೊಲೀಸ್ ಅಂದರೆ ಹೊರಗಿನವರು ಕಳಿಸಿದ ಪಡೆ. ಕಾರ್ಕೊರನ್ 1864ರಲ್ಲಿ ಕೆಲಸ ಮಾಡುವುದು ಈ ಹೊಸ ಪಡೆಯಲ್ಲಿ. ಅಂದರೆ ಕೇರಿಯವನೇ ಆದರೂ ಹಾಕಿಕೊಂಡ ಅಂಗಿ ಕೇರಿಯದಲ್ಲ. ಧಾರಾವಾಹಿ ಇದನ್ನು ಬಿಡಿಸಿ ಹೇಳುವುದಿಲ್ಲ. ಹೇಳಿದ್ದರೆ ಇನ್ನೂ ತೂಕ ಬರುತ್ತಿತ್ತು.

ಕ್ವಾರ್ಟರ್ಸ್ ಹುಡುಗಿ:

ಹಾಕಿಕೊಂಡ ಅಂಗಿ ಕೇರಿಯದಲ್ಲ ಅನ್ನೋ ಮಾತು ಓದಿ ಸುಮ್ನೆ ಕೂತುಬಿಟ್ಟೆ. ನಾನು ಧಾರಾವಾಹಿ ನೋಡಿಲ್ಲ. ಆದರೆ ಒಂದು ವಿಷಯ ಹೇಳಬೇಕು.

ನನ್ನ ಅಪ್ಪ ಪೊಲೀಸ್ ಪೇದೆ ಆಗಿದ್ದವರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಊರಿಗೆ ಹತ್ತಿರದ ಠಾಣೆಗೆ ವರ್ಗ ಆಯಿತು. ಅಮ್ಮನಿಗೆ ಖುಷಿಯೋ ಖುಷಿ. ಹಬ್ಬಕ್ಕೆ ಊರಿಗೆ ಹೋಗಬಹುದು ಅಂತ. ಮೂರು ತಿಂಗಳೂ ಆಗಿರಲಿಲ್ಲ, ಪಂಪ್‌ಸೆಟ್ ಮೋಟಾರು ಕಳ್ಳತನದ ಕೇಸಿನಲ್ಲಿ ನಮ್ಮ ಕೇರಿಯ ಹುಡುಗನನ್ನೇ ಅಪ್ಪ ಹಿಡಿದುಕೊಂಡು ಬರಬೇಕಾಯಿತು. ಆ ರಾತ್ರಿ ಹುಡುಗನ ಅವ್ವ ನಮ್ಮ ಕ್ವಾರ್ಟರ್ಸ್ ಮೆಟ್ಟಿಲ ಮೇಲೆ ಬಂದು ಕೂತಳು. ಕೈಯಲ್ಲಿ ಬಟ್ಟೆ ಕಟ್ಟಿದ ಟಿಫಿನ್ ಡಬ್ಬಿ. ಅಳಲಿಲ್ಲ, ಬೈಯಲಿಲ್ಲ. ‘ಇದನ್ನ ಅವನಿಗೆ ಕೊಡಪ್ಪ, ರೊಟ್ಟಿ ಐತಿ’ ಅಂದಳು ಅಷ್ಟೇ. ಅಪ್ಪ ಡಬ್ಬಿ ತಗೊಂಡು ಮತ್ತೆ ಠಾಣೆಗೆ ಹೋದರು. ಬಂದು ಊಟ ಮಾಡಲಿಲ್ಲ. ಆ ವರ್ಷ ನಾವು ಊರ ಜಾತ್ರೆಗೆ ಹೋಗಲಿಲ್ಲ. ವರ್ಗಾವಣೆಗೆ ಅರ್ಜಿ ಹಾಕಿ ಬೇರೆ ಜಿಲ್ಲೆಗೆ ಹೋದರು.

ಇಷ್ಟು ವರ್ಷ ಆದ ಮೇಲೂ ಅಪ್ಪ ಆ ಹುಡುಗನ ಬಗ್ಗೆ ಕೇಳುತ್ತಿರುತ್ತಾರೆ. ಈಗ ಎಲ್ಲಿದ್ದಾನೆ, ಮದುವೆ ಆಯಿತಾ ಅಂತ. ಇಂಥದ್ದನ್ನು ಆ ಧಾರಾವಾಹಿ ತೋರಿಸುತ್ತದೆ ಅಂದರೆ ನಾನು ಖಂಡಿತ ನೋಡುತ್ತೇನೆ.

ಎರಡನೇ ಪಾಳಿ:

ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಕಣಮ್ಮ. ಆ ಡಬ್ಬಿ ಕಣ್ಣ ಮುಂದೆ ಬಂತು. ಇದೇ ನಾನು ಹೇಳಬೇಕು ಅಂತಿದ್ದಿದ್ದು, ನನಗೆ ಹೇಳಲು ಬರಲಿಲ್ಲ.

ಹಳೇ ಕಡತ:

ನಿಮ್ಮ ತಂದೆಯವರ ವಿಷಯ ಓದಿದ ಮೇಲೆ ಇನ್ನೊಂದು ನೆನಪಾಯಿತು. ಐರ್ಲೆಂಡಿಗೂ ನಮ್ಮ ಠಾಣೆಗಳಿಗೂ ನಿಜವಾಗಿಯೂ ಒಂದು ಸಂಬಂಧ ಇದೆ.

ಬ್ರಿಟಿಷರು ಐರ್ಲೆಂಡಿನಲ್ಲಿ 1836ರಲ್ಲಿ ಐರಿಶ್ ಕಾನ್‌ಸ್ಟಾಬ್ಯುಲರಿ ಅನ್ನೋ ಪಡೆಯನ್ನು ಒಂದೇ ಹಿಡಿತಕ್ಕೆ ತಂದರು. ಕೈಯಲ್ಲಿ ಬಂದೂಕು, ವಾಸ ಬ್ಯಾರಕ್ಕಿನಲ್ಲಿ. ಸ್ವಂತ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಕೆಲಸ ಕೊಡುತ್ತಿರಲಿಲ್ಲ, ಜನರ ಜೊತೆ ಬೆರೆಯಬಾರದು ಅಂತ. ಬಾಡಿಗೆ ಕೊಡದ ರೈತನನ್ನು ಜಮೀನುದಾರ ಮನೆಯಿಂದ ಹೊರಗೆ ಹಾಕಿಸುವಾಗ ಕಾವಲು ನಿಲ್ಲುತ್ತಿದ್ದವರು ಇವರೇ. ಇದೇ ಮಾದರಿಯನ್ನು ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ್ ಪ್ರಾಂತ್ಯಕ್ಕೆ ತಂದ. 1857ರ ದಂಗೆ ಆದಮೇಲೆ ಬಂದ 1861ರ ಪೊಲೀಸ್ ಕಾಯ್ದೆಯ ಹಿಂದೆಯೂ ಆ ಐರಿಶ್ ಮಾದರಿಯೇ ಇದೆ. ಪೊಲೀಸ್ ಅಂದರೆ ಸರ್ಕಾರದವನು, ನಮ್ಮವನಲ್ಲ ಅನ್ನೋ ಭಾವನೆ ನಮ್ಮ ಹಳ್ಳಿಗಳಲ್ಲಿ ಇದೆಯಲ್ಲ, ಅದರ ಒಂದು ಬೇರು ಅಲ್ಲಿದೆ.

ಹಾಗಾಗಿ ಫೈವ್ ಪಾಯಿಂಟ್ಸಿಗೆ ಬಂದಿಳಿದ ಐರಿಶರ ಮನಸ್ಸಿನಲ್ಲಿ ಪೊಲೀಸ್ ಅಂದರೆ ಮನೆ ಸೂರು ಕಿತ್ತು ಹಾಕುವಾಗ ಪಕ್ಕದಲ್ಲಿ ನಿಂತವನು. ಇಲ್ಲಿ ಬಂದರೆ ತಮ್ಮವರೇ ಆ ಅಂಗಿ ಹಾಕುತ್ತಿದ್ದಾರೆ! 1863ರ ಗಲಭೆಯ ಹೊತ್ತಿಗೆ ಪಡೆಯ ತುಂಬ ಐರಿಶ್ ಹೆಸರುಗಳು. ಎದುರಿಗೆ ಕಲ್ಲು ಹಿಡಿದು ನಿಂತವರಲ್ಲೂ ಐರಿಶರೇ ಜಾಸ್ತಿ.

ಮಲೆನಾಡ ಮಳೆ:

ಯಾವ ಗಲಭೆ? ಧಾರಾವಾಹಿಯಲ್ಲಿ ಮತ್ತೆ ಮತ್ತೆ ಅದರ ಮಾತು ಬರುತ್ತದೆ, ನನಗೆ ಸರಿಯಾಗಿ ಗೊತ್ತಾಗಲಿಲ್ಲ.

ಹಳೇ ಕಡತ:

ಡ್ರಾಫ್ಟ್ ಗಲಭೆ. 1863ರ ಜುಲೈ 13ರಿಂದ 16. ಸೈನ್ಯಕ್ಕೆ ಚೀಟಿ ಎತ್ತಿ ಜನರನ್ನು ಕಡ್ಡಾಯವಾಗಿ ಸೇರಿಸುವ ಕಾನೂನು ಬಂತು. ಆದರೆ 300 ಡಾಲರ್ ಕಟ್ಟಿದರೆ ಬಿಡುಗಡೆ. ಕೂಲಿಯವನಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಸಿಟ್ಟು ಮೊದಲು ಚೀಟಿ ಎತ್ತುವ ಕಚೇರಿಯ ಮೇಲೆ ತಿರುಗಿತು. ಆಮೇಲೆ ಕಪ್ಪು ಜನರ ಮೇಲೆ. ಹಾದಿಯಲ್ಲಿ ಸಿಕ್ಕವರನ್ನು ಹಿಡಿದು ದೀಪದ ಕಂಬಕ್ಕೆ ನೇಣು ಹಾಕಿದರು. ಫಿಫ್ತ್ ಅವೆನ್ಯೂದಲ್ಲಿದ್ದ ಕಪ್ಪು ಮಕ್ಕಳ ಅನಾಥಾಲಯಕ್ಕೆ ಬೆಂಕಿ ಇಟ್ಟರು. ಒಳಗಿದ್ದ 200ಕ್ಕೂ ಹೆಚ್ಚು ಮಕ್ಕಳು ಹಿಂಬಾಗಿಲಿನಿಂದ ತಪ್ಪಿಸಿಕೊಂಡರು. ಅವರಿಗೆ ಮೊದಲು ಆಸರೆ ಸಿಕ್ಕಿದ್ದು ಒಂದು ಪೊಲೀಸ್ ಠಾಣೆಯಲ್ಲಿ. ಪೊಲೀಸ್ ಮುಖ್ಯಸ್ಥ ಜಾನ್ ಕೆನಡಿ ಐರಿಶ್ ಮೂಲದವನೇ. ಮೊದಲ ದಿನವೇ ಗುಂಪು ಅವನನ್ನು ಗುರುತು ಸಿಗದ ಹಾಗೆ ಬಡಿಯಿತು.

ಎರಡನೇ ಪಾಳಿ:

ಇಲ್ಲೇ ಡಾಕ್ಟರ್ ಮ್ಯಾಥ್ಯೂ ಫ್ರೀಮನ್ ಮುಖ್ಯ ಆಗುವುದು. ಕಪ್ಪು ವೈದ್ಯ. ಆಟೊ ಎಸ್ಸಾಂಡೊ ಮಾಡಿರುವ ಪಾತ್ರ, ನನ್ನ ಪ್ರಕಾರ ಇಡೀ ಧಾರಾವಾಹಿಯಲ್ಲಿ ಅತ್ಯುತ್ತಮ ನಟನೆ. ಅವನ ಹೆಂಡತಿ ಸಾರಾ, ಟೆಸ್ಸಾ ಥಾಮ್ಸನ್. ಅವಳ ಅಣ್ಣತಮ್ಮಂದಿರನ್ನು ಆ ಗಲಭೆಯಲ್ಲಿ ಕೊಂದಿರುತ್ತಾರೆ. ಅವಳಿಗೆ ಬೀದಿಗೆ ಕಾಲಿಡಲೂ ಭಯ.

ಫ್ರೀಮನ್ ಶವ ಪರೀಕ್ಷೆ ಮಾಡುತ್ತಾನೆ, ಗಾಯ ನೋಡಿ ಯಾವ ಆಯುಧ ಅಂತ ಹೇಳುತ್ತಾನೆ. ಕಾರ್ಕೊರನ್ ಅರ್ಧ ಕೇಸುಗಳನ್ನು ಗೆಲ್ಲುವುದು ಇವನಿಂದ. ಆದರೆ ಠಾಣೆಯಲ್ಲಿ ಇವನ ಹೆಸರು ಹೇಳುವ ಹಾಗಿಲ್ಲ. ಹೆಣದ ಮುಂದೆ ಇಬ್ಬರೂ ನಿಲ್ಲುತ್ತಾರಲ್ಲ, ಆ ದೃಶ್ಯಗಳಲ್ಲಿ ಎಸ್ಸಾಂಡೊ ಕೈಗಳನ್ನು ನೋಡಿ. ಸತ್ತ ಮಗುವನ್ನೂ ಜೋರಾಗಿ ಮುಟ್ಟುವುದಿಲ್ಲ. ಮಲಗಿದ ಮಗು ಎಚ್ಚರ ಆಗಬಾರದು ಅನ್ನೋ ಹಾಗೆ.

ಮಲೆನಾಡ ಮಳೆ:

ಥ್ಯಾಂಕ್ಸ್, ಈಗ ಅರ್ಥ ಆಯಿತು. ಆದರೆ ನಿಮ್ಮ ಒಂದು ಮಾತು ನಾನು ಒಪ್ಪುವುದಿಲ್ಲ. ಎರಡನೇ ಸೀಸನ್ ಕೇರಿ ಬಿಟ್ಟುಹೋಯಿತು ಅಂದಿರಲ್ಲ. ಫ್ರೀಮನ್ ಊರಾಚೆಯ ಮನೆ ಬಿಟ್ಟು ಫೈವ್ ಪಾಯಿಂಟ್ಸಿಗೆ ವಾಪಸ್ ಬರುವುದು ಎರಡನೇ ಸೀಸನ್ನಿನಲ್ಲೇ. ಸಾರಾಳ ಅಮ್ಮ ಹ್ಯಾಟಿ, ಆಲ್ಫ್ರೆ ವುಡಾರ್ಡ್ ಮಾಡಿದ್ದು, ಗುಲಾಮಗಿರಿಯಿಂದ ಹೊರಬಂದು ಮಗಳ ಮನೆಗೆ ಬರುವುದೂ ಆಗಲೇ. ನಿಮ್ಮ ಕಣ್ಣು ಕಾರ್ಕೊರನ್ ಮೇಲೇ ಇತ್ತು, ಅದಕ್ಕೆ ಹಾಗನಿಸಿದೆ. ಆ ಮನೆಯವರನ್ನು ನೋಡುತ್ತಾ ಹೋದರೆ ಕೇರಿ ಹತ್ತಿರ ಬರುತ್ತದೆ, ದೂರ ಹೋಗುವುದಿಲ್ಲ.

ಎರಡನೇ ಪಾಳಿ:

ಹೌದು, ಇದು ನನಗೆ ಹೊಳೆದಿರಲಿಲ್ಲ. ಹ್ಯಾಟಿ ಬರುವ ಎಪಿಸೋಡುಗಳನ್ನು ಮತ್ತೊಮ್ಮೆ ನೋಡುತ್ತೇನೆ. ಡೊನೊವನ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಲ್ಲ.

ಹಡ್ಸನ್ ದಡ:

ನಾನು ನ್ಯೂಜೆರ್ಸಿಯಲ್ಲಿರುವುದು, ಕೆಲಸಕ್ಕೆ ಮ್ಯಾನ್‌ಹಟನ್‌ಗೆ ಬರುತ್ತೇನೆ. ಧಾರಾವಾಹಿ ಚಿತ್ರೀಕರಣ ಆಗಿದ್ದು ಟೊರೊಂಟೊದಲ್ಲಿ ಸೆಟ್ ಹಾಕಿ. ನಿಜವಾದ ಜಾಗ ನನ್ನ ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಈಗ ಕೊಲಂಬಸ್ ಪಾರ್ಕ್ ಇದೆ. ಹಳೆಯ ಮಲ್ಬೆರಿ ಬೆಂಡ್ ಅನ್ನೋ ವಠಾರಗಳನ್ನು ಕೆಡವಿ 1897ರಲ್ಲಿ ಮಾಡಿದ ಪಾರ್ಕು. ಸುತ್ತ ಚೈನಾಟೌನ್. ಐರಿಶರು ಹೋದ ಮೇಲೆ ಇಟಲಿಯವರು, ಆಮೇಲೆ ಚೀನಿಯರು. ಈ ಶನಿವಾರ ಹೋಗಿ ನೋಡಿಕೊಂಡು ಬರೆಯುತ್ತೇನೆ.

ಹಳೇ ಕಡತ:

ಅವರು ಹೋಗಿ ಬರುವಷ್ಟರಲ್ಲಿ ಇನ್ನೊಂದು ವಿಷಯ. ಧಾರಾವಾಹಿಯಲ್ಲಿ ನನಗೆ ಕೊರತೆ ಅನಿಸಿದ್ದು ಇದು. ಅಲ್ಲಿ ಬರೀ ಹೆಂಡದಂಗಡಿ, ವೇಶ್ಯಾಗೃಹ, ಹೆಣ. ಈವಾ ಅನ್ನೋಳು ನಡೆಸುವ ‘ಪ್ಯಾರಡೈಸ್’ ಅನ್ನೋ ವೇಶ್ಯಾಗೃಹ ಬಿಟ್ಟು ಊರಿನಲ್ಲಿ ಬೇರೆ ಮನೆಯೇ ಇಲ್ಲವೇನೋ ಅನಿಸುತ್ತದೆ. ಓಲ್ಡ್ ಬ್ರೂವರಿ ಅನ್ನೋ ವಠಾರದಲ್ಲಿ ದಿನಕ್ಕೊಂದು ಕೊಲೆ ಆಗುತ್ತಿತ್ತು ಅಂತ ಒಂದು ಕಥೆ ಇವತ್ತಿಗೂ ಓಡಾಡುತ್ತಿದೆ. ಇಡೀ ನಗರದಲ್ಲೇ ವರ್ಷಕ್ಕೆ ಅಷ್ಟು ಕೊಲೆ ಆಗುತ್ತಿರಲಿಲ್ಲ.

ಆ ಕೇರಿಯವರು ದುಡ್ಡು ಉಳಿಸುತ್ತಿದ್ದರು. ಇದು ಹೇಳಲೇಬೇಕು. ಐರ್ಲೆಂಡಿನ ಕೆರಿ ಕೌಂಟಿಯಲ್ಲಿ ಲ್ಯಾನ್ಸ್‌ಡೌನ್ ಎಸ್ಟೇಟ್ ಅಂತ ಇತ್ತು. 1851ರ ಆಸುಪಾಸಿನಲ್ಲಿ, ಬಡವರನ್ನು ವರ್ಕ್‌ಹೌಸ್ ಅನ್ನೋ ಬಡವರ ದುಡಿಮೆ ಮನೆಯಲ್ಲಿಟ್ಟು ಸಾಕುವುದಕ್ಕಿಂತ ಹಡಗಿನ ಖರ್ಚು ಕೊಟ್ಟು ಕಳಿಸುವುದೇ ಅಗ್ಗ ಅಂತ ಜಮೀನುದಾರನ ಮ್ಯಾನೇಜರ್ ಲೆಕ್ಕ ಹಾಕಿದ. ಹಾಗೆ ಬಂದಿಳಿದವರ ಮೈಮೇಲೆ ಸರಿಯಾದ ಬಟ್ಟೆ ಇರಲಿಲ್ಲ. ಅವರಲ್ಲಿ ತುಂಬಾ ಜನ ಫೈವ್ ಪಾಯಿಂಟ್ಸಿಗೆ ಬಂದರು. 1850ರಲ್ಲಿ ಶುರುವಾದ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕಿನ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಅವರ ಹೆಸರುಗಳಿವೆ. ಕೆಲವೇ ವರ್ಷಗಳಲ್ಲಿ ನೂರಾರು ಡಾಲರ್ ಕೂಡಿಟ್ಟವರು ಇದ್ದರು. ಕೂಲಿಯವರು, ಬಟ್ಟೆ ಒಗೆಯುವವರು, ಬೀದಿಯಲ್ಲಿ ಸಾಮಾನು ಮಾರುವವರು. ಅಂಥ ಒಂದು ಮನೆಯನ್ನಾದರೂ ತೋರಿಸಿದ್ದರೆ ಕಾರ್ಕೊರನ್ ಯಾರನ್ನು ಕಾಪಾಡಲು ಒದ್ದಾಡುತ್ತಿದ್ದಾನೆ ಅಂತ ನಮಗೂ ತಿಳಿಯುತ್ತಿತ್ತು.

ಬೆಳ್ಳಿ ಚುಕ್ಕಿ:

ಇದು ಕೇಳಿ ಸಮಾಧಾನ ಆಯಿತು. ನನ್ನ ಆಕ್ಷೇಪವೂ ಇದೇ ಇತ್ತು ಅನಿಸುತ್ತದೆ. ಬಡವರ ಬದುಕು ಅಂದರೆ ಬರೀ ಕೊಳಕು ಅಂತ ತೋರಿಸಿದರೆ ಹೊಟ್ಟೆ ಉರಿಯುತ್ತದೆ. ನನ್ನ ಅಜ್ಜಿ ಗಾರೆ ಕೆಲಸ ಮಾಡಿ, ಅಕ್ಕಿ ಡಬ್ಬದೊಳಗೆ ದುಡ್ಡು ಬಚ್ಚಿಟ್ಟು ಮೂವರು ಮಕ್ಕಳನ್ನು ಓದಿಸಿದವರು.

ಹಡ್ಸನ್ ದಡ:

ಹೋಗಿ ಬಂದೆ. ಬೆಳಿಗ್ಗೆ ಒಂಬತ್ತಕ್ಕೇ ಪಾರ್ಕ್ ತುಂಬಿತ್ತು. ಕಲ್ಲಿನ ಮೇಜುಗಳ ಸುತ್ತ ವಯಸ್ಸಾದ ಚೀನೀ ಹೆಂಗಸರು ಇಸ್ಪೀಟು ಆಡುತ್ತಿದ್ದರು. ಎಲೆಯನ್ನು ಮೇಜಿಗೆ ಬಡಿಯುವ ಸದ್ದು ಗೇಟಿನವರೆಗೂ ಕೇಳುತ್ತದೆ. ಒಬ್ಬ ತಾತ ಎರಡು ತಂತಿಯ ಪಿಟೀಲು ಬಾರಿಸುತ್ತಿದ್ದ. ಪಾರ್ಕಿನ ಪಕ್ಕದಲ್ಲಿ ಮೊಸ್ಕೊ ಸ್ಟ್ರೀಟ್ ಅಂತ ಒಂದೇ ಒಂದು ಬ್ಲಾಕಿನ ಇಳಿಜಾರು ಬೀದಿ ಇದೆ. ಬೀದಿಗಳು ಸೇರಿ ಐದು ಮೂಲೆ ಆಗಿದ್ದಕ್ಕೇ ಫೈವ್ ಪಾಯಿಂಟ್ಸ್ ಅನ್ನೋ ಹೆಸರು, ಆ ಹಳೆಯ ಬೀದಿಗಳಲ್ಲಿ ಒಂದರ ಉಳಿದ ತುಂಡು ಅದು. ಕೆಳಗೆ ವರ್ತ್ ಸ್ಟ್ರೀಟ್, ಬ್ಯಾಕ್ಸ್ಟರ್ ಸ್ಟ್ರೀಟ್ ಸೇರುವ ಮೂಲೆ. ಎದುರಿಗೆಲ್ಲ ಕೋರ್ಟು ಕಟ್ಟಡಗಳು. ಸ್ವಲ್ಪ ಮುಂದೆ ಸೆಂಟರ್ ಸ್ಟ್ರೀಟಿನಲ್ಲಿ ಕ್ರಿಮಿನಲ್ ಕೋರ್ಟು.

ಆ ಕೋರ್ಟುಗಳಲ್ಲಿ ಒಂದನ್ನು ಕಟ್ಟಲು 1991ರಲ್ಲಿ ಅಗೆದಾಗ ಕೇರಿಯ ಮನೆಗಳ ಹಿತ್ತಿಲ ಗುಂಡಿಗಳು ಸಿಕ್ಕವು. ಸುಮಾರು 8,50,000 ವಸ್ತುಗಳು. ಬಟ್ಟಲು, ಅಂಗಿ ಗುಂಡಿ, ಸೂಜಿ, ಮಕ್ಕಳ ಗೋಲಿ. ಕುಡಿತ ಬಿಡಿಸಲು ಊರೂರು ತಿರುಗಿದ ಫಾದರ್ ಮ್ಯಾಥ್ಯೂ ಅನ್ನೋ ಐರಿಶ್ ಪಾದ್ರಿಯ ಚಿತ್ರ ಇದ್ದ ಒಂದು ಟೀ ಕಪ್ಪೂ ಇತ್ತು. ಹೆಂಡಕ್ಕೆ ಹೆಸರಾದ ಕೇರಿಯಲ್ಲಿ ಯಾರೋ ಅದನ್ನು ಕೊಂಡು ತಂದು ಇಟ್ಟುಕೊಂಡಿದ್ದರು. ಎಲ್ಲವನ್ನೂ ವರ್ಲ್ಡ್ ಟ್ರೇಡ್ ಸೆಂಟರಿನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಇಟ್ಟಿದ್ದರು. 2001ರ ಸೆಪ್ಟೆಂಬರ್ 11ರಂದು ಹೋಯಿತು. ಪ್ರದರ್ಶನಕ್ಕೆ ಅಂತ ಹೊರಗೆ ಕೊಟ್ಟಿದ್ದ 18 ವಸ್ತುಗಳು ಮಾತ್ರ ಉಳಿದವು.

ವಾಪಸ್ ಬರುವಾಗ ಒಂದು ನೋಡಿದೆ. ಪಾರ್ಕಿನ ಗೇಟಿನಲ್ಲಿ ಒಬ್ಬ ಪೊಲೀಸ್, ಚೀನೀ ಮುಖದ ಹುಡುಗ, ಇಪ್ಪತ್ತೈದೂ ಇರಲಾರದು. ಒಬ್ಬ ಅಜ್ಜಿ ಅವನ ತೋಳು ಹಿಡಿದುಕೊಂಡು ಅವರ ಭಾಷೆಯಲ್ಲಿ ಏನೋ ಹೇಳುತ್ತಿದ್ದರು. ಅವನು ತಲೆ ಬಗ್ಗಿಸಿ ಕೇಳುತ್ತಿದ್ದ. ದೂರೋ, ಬೈಗುಳವೋ, ಮನೆ ವಿಷಯವೋ ನನಗೆ ತಿಳಿಯಲಿಲ್ಲ. ಹತ್ತು ನಿಮಿಷ ಆದಮೇಲೂ ಅವರು ತೋಳು ಬಿಟ್ಟಿರಲಿಲ್ಲ.

ಕ್ವಾರ್ಟರ್ಸ್ ಹುಡುಗಿ:

ಇದಿಷ್ಟನ್ನೂ ಅಪ್ಪನಿಗೆ ಓದಿ ಹೇಳಿದೆ. ಮೊದಲಿನಿಂದ ಕೊನೆಯವರೆಗೆ. ಡಬ್ಬಿ ವಿಷಯ ಬಂದಾಗ ನನ್ನ ಮುಖ ನೋಡಿದರು, ‘ನಿನಗೆ ನೆನಪಿದೆಯಾ’ ಅಂದರು ಅಷ್ಟೇ. ಆಮೇಲೆ ‘ಹಾಕು, ನೋಡೋಣ’ ಅಂದರು. ಭಾನುವಾರ ಮಧ್ಯಾಹ್ನ ಇಬ್ಬರೂ ಕೂತು ಮೊದಲ ಎಪಿಸೋಡ್ ನೋಡುತ್ತೇವೆ. ಅವರಿಗೆ ಇಂಗ್ಲಿಷ್ ಅಷ್ಟು ಬರಲ್ಲ, ಪಕ್ಕದಲ್ಲಿ ಕೂತು ನಾನು ಹೇಳುತ್ತಾ ಹೋಗಬೇಕು.

ಅಪ್ಪ ಒಂದು ಪ್ರಶ್ನೆ ಕೇಳಿದ್ದಾರೆ. ಆ ಕಾರ್ಕೊರನ್‌ಗೆ ತಿಂಗಳಿಗೆ ಸಂಬಳ ಎಷ್ಟು ಕೊಡುತ್ತಿದ್ದರು, ಅದರಲ್ಲಿ ಮನೆ ಬಾಡಿಗೆಗೆ ಎಷ್ಟು ಹೋಗುತ್ತಿತ್ತು ಅಂತ. ‘ಹಳೇ ಕಡತ’ ಸರ್, ನಿಮಗೆ ಗೊತ್ತಿದ್ದರೆ ಹೇಳಿ.